ಜಾಹೀರಾತಿನಲ್ಲಿ ಬೀಗರಿಲ್ಲ

ಚೀರಿಯೋಸ್ ಎಂದರೆ ಓಟ್ಸ್ ಹಿಟ್ಟಿನ ಪುಟ್ಟ ಪುಟ್ಟ ಉಂಗುರಗಳು. ಅಮೆರಿಕದಲ್ಲಿ ಚಿಕ್ಕ ಮಕ್ಕಳಿರುವ ಮನೆಗೆ ಹೋದರೆ ಅಡುಗೆಮನೆಯಲ್ಲಿ ಅದರ ಹಳದಿ ಡಬ್ಬಿ ಕಾಣುತ್ತದೆ, ಸೋಫಾದ ಸಂದಿಯಲ್ಲಿ ನಾಲ್ಕು ಉಂಗುರ ಸಿಗುತ್ತವೆ. 2013ರ ಮೇ ತಿಂಗಳಲ್ಲಿ ಇದರದೊಂದು ಜಾಹೀರಾತು ಬಂತು. ಬರೀ ಅರ್ಧ ನಿಮಿಷದ್ದು. ಗುಂಗುರು ಕೂದಲಿನ ಪುಟ್ಟ ಹುಡುಗಿ ಡಬ್ಬಿ ಹೊತ್ತುಕೊಂಡು ಬಂದು, ಇದು ಹೃದಯಕ್ಕೆ ಒಳ್ಳೆಯದಂತೆ, ಹೌದಾ ಎಂದು ಅಮ್ಮನನ್ನು ಕೇಳುತ್ತಾಳೆ. ಅಮ್ಮ ಡಬ್ಬಿ ನೋಡಿ, ಕೊಲೆಸ್ಟ್ರಾಲ್ ಇಳಿಸುತ್ತದಂತೆ ಎನ್ನುತ್ತಾಳೆ. ಹುಡುಗಿ ನಕ್ಕು ಓಡುತ್ತಾಳೆ. ಆಮೇಲೆ ನೋಡಿದರೆ, ಸೋಫಾದಲ್ಲಿ ಮಲಗಿದ್ದ ಅಪ್ಪ ಎದ್ದಾಗ ಎದೆಯ ಮೇಲಿಂದ ಒಂದು ರಾಶಿ ಚೀರಿಯೋಸ್ ಉದುರುತ್ತದೆ. ಅಮ್ಮ ಬಿಳಿಯಳು, ಅಪ್ಪ ಕಪ್ಪು, ಮಗಳು ಎರಡರ ನಡುವಿನ ಬಣ್ಣ. ಇಷ್ಟೇ.

ಇಷ್ಟಕ್ಕೇ ಯೂಟ್ಯೂಬಿನಲ್ಲಿ ಬಂದ ಬೈಗುಳಗಳಿಗೆ ಜನರಲ್ ಮಿಲ್ಸ್ ಕಂಪನಿ ಪ್ರತಿಕ್ರಿಯೆ ಬರೆಯುವ ಜಾಗವನ್ನೇ ಮುಚ್ಚಿಬಿಟ್ಟಿತು. ಜಾಹೀರಾತನ್ನು ಮಾತ್ರ ತೆಗೆಯಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ, ಅಮೆರಿಕಕ್ಕೆ ಅಮೆರಿಕವೇ ಟಿವಿ ಮುಂದೆ ಕೂರುವ ಸೂಪರ್ ಬೌಲ್ ಪಂದ್ಯದ ನಡುವೆ ಅದೇ ಕುಟುಂಬವನ್ನು ಮತ್ತೆ ತಂದಿತು. ಈ ಸಲ ಅಪ್ಪ ಮೇಜಿನ ಮೇಲೆ ಉಂಗುರಗಳನ್ನು ಜೋಡಿಸುತ್ತ, ಇದು ಅಪ್ಪ, ಇದು ಅಮ್ಮ, ಇದು ನೀನು, ಇನ್ನೇನು ಹುಟ್ಟಲಿರುವ ತಮ್ಮ ಇದು ಎಂದು ಮನೆಯ ಲೆಕ್ಕ ಹೇಳುತ್ತಾನೆ. ಮಗಳು ಇನ್ನೊಂದು ಉಂಗುರ ತಳ್ಳಿ, ಹಾಗಾದರೆ ಒಂದು ನಾಯಿಮರಿಯೂ ಬೇಕು ಎನ್ನುತ್ತಾಳೆ. ಅಪ್ಪ ಆಗಲಿ ಅಂದುಬಿಡುತ್ತಾನೆ.

ನಾಯಿಮರಿಗೂ ಒಂದು ಉಂಗುರ ಸಿಕ್ಕಿತು, ಅಜ್ಜಿಗೆ ಸಿಗಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲ ಜಾಹೀರಾತನ್ನು ಇನ್ನೊಮ್ಮೆ ನೋಡಿ. ಗಂಡ ಹೆಂಡತಿ ಒಂದೇ ಚೌಕಟ್ಟಿನಲ್ಲಿ ಕಾಣುವುದೇ ಇಲ್ಲ. ಅವಳು ಅಡುಗೆಮನೆಯ ಮೇಜಿನ ಹತ್ತಿರ, ಅವನು ಇನ್ನೊಂದು ಕೋಣೆಯ ಸೋಫಾದಲ್ಲಿ. ಮಧ್ಯೆ ಓಡಾಡುವ ಮಗುವೇ ಸಂಬಂಧಕ್ಕೆ ಸಾಕ್ಷಿ. ಇಬ್ಬರಿಗೂ ತಾಯಿತಂದೆ ಇದ್ದಾರು ಎಂಬುದಕ್ಕೆ ಗೋಡೆಯ ಮೇಲೆ ಒಂದು ಫೋಟೋ ಕಣ್ಣಿಗೆ ಬೀಳುವುದಿಲ್ಲ. ಅವರ ಮದುವೆಗೆ ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರು ಬಂದೂ ಊಟ ಮಾಡದೆ ಹೋದರು? ಓಟ್ಸ್ ಮಾರುವವನಿಗೆ ಇದೆಲ್ಲ ಯಾಕೆ ಎನ್ನಬಹುದು. ನನಗೆ ಬೇಕು. ಯಾಕೆಂದರೆ ನಾನು ಅಂಥದೊಂದು ಕುಟುಂಬದ ಅಜ್ಜಿ.

ನಾನು ದಾವಣಗೆರೆಯವಳು. ನಮ್ಮ ಯಜಮಾನರು ಕಾಟನ್ ಮಿಲ್ಲಿನಲ್ಲಿ ನೂಲಿನ ವಿಭಾಗ ನೋಡಿಕೊಳ್ಳುತ್ತಿದ್ದವರು. ನಮ್ಮೂರಿನ ಗಿರಣಿಗಳು ಸೊರಗುತ್ತಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಬಂದೆವು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರನ್ನು ಬಿಟ್ಟು, ಜಗತ್ತಿನ ಜವಳಿ ರಾಜಧಾನಿ ಎಂದು ತನ್ನನ್ನು ಕರೆದುಕೊಳ್ಳುತ್ತಿದ್ದ ಊರಿಗೆ. ಇಲ್ಲಿನ ಗಿರಣಿಗಳೂ ಆಮೇಲೆ ಒಂದೊಂದಾಗಿ ಮುಚ್ಚಿದವು, ಅದು ಬೇರೆ ಮಾತು. ಮಗ ಇಲ್ಲೇ ಓದಿ, ಇಲ್ಲಿಯ ಹುಡುಗಿಯನ್ನೇ ಮದುವೆಯಾದ. ಅವಳ ಮನೆಯವರು ತಲೆತಲಾಂತರದಿಂದ ಇದೇ ರಾಜ್ಯದ ಕಪ್ಪು ಜನ. ಅವರ ಹಿರಿಯರು ಇಲ್ಲಿಯ ಹೊಲಗಳಲ್ಲಿ ಹತ್ತಿ ಬಿಡಿಸಿದವರು, ನಮ್ಮವರು ಅಲ್ಲಿ ಹತ್ತಿ ನೂತವರು. ಮದುವೆಯಲ್ಲಿ ನಮ್ಮ ಯಜಮಾನರು ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದರು.

ಗ್ರೀನ್‌ವಿಲ್‌ಗೆ ಜವಳಿಯ ಜತೆಗೆ ಇನ್ನೊಂದು ಖ್ಯಾತಿಯೂ ಇತ್ತು: ಬಾಬ್ ಜೋನ್ಸ್ ವಿಶ್ವವಿದ್ಯಾಲಯ. ಕಟ್ಟಾ ಕ್ರೈಸ್ತರ ಸಂಸ್ಥೆ. ಬೇರೆ ಬೇರೆ ಜನಾಂಗದ ಹುಡುಗ ಹುಡುಗಿ ಜೊತೆಯಾಗಿ ತಿರುಗಬಾರದು, ಮದುವೆಯಾಗಬಾರದು ಎಂಬ ನಿಯಮ ಅಲ್ಲಿತ್ತು. ಅದಕ್ಕಾಗಿ ಸರ್ಕಾರ ತೆರಿಗೆ ವಿನಾಯಿತಿ ಕಿತ್ತುಕೊಂಡಿತು. ಸಂಸ್ಥೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1983ರಲ್ಲಿ ಸೋತಿತು. ಸೋತರೂ ನಿಯಮ ಬಿಡಲಿಲ್ಲ. 2000ದ ಮಾರ್ಚಿನಲ್ಲಿ, ಜಾರ್ಜ್ ಡಬ್ಲ್ಯು. ಬುಷ್ ಅಲ್ಲಿ ಭಾಷಣ ಮಾಡಿಹೋಗಿ ದೇಶವೆಲ್ಲ ಗದ್ದಲವಾದ ಮೇಲೆ, ಅದರ ಅಧ್ಯಕ್ಷರು ಲ್ಯಾರಿ ಕಿಂಗ್ ಟಿವಿ ಕಾರ್ಯಕ್ರಮದಲ್ಲಿ ಕೂತು ನಿಯಮ ಕೈಬಿಟ್ಟೆವು ಎಂದರು. ಟಿವಿಯಲ್ಲೇ ಸತ್ತ ನಿಯಮ ಅದು.

ಅವರ ವಾದ ಏನಿತ್ತು? ಬೈಬಲ್ಲಿನ ಬೇಬೆಲ್ ಗೋಪುರದ ಕಥೆಯಲ್ಲಿ ದೇವರು ಜನರನ್ನು ಚದುರಿಸಿದ. ದೇವರು ಬಿಡಿಸಿದ್ದನ್ನು ಮನುಷ್ಯ ಕೂಡಿಸಬಾರದು. ಸಂಸ್ಥಾಪಕರು 1960ರ ಈಸ್ಟರ್ ದಿನ ರೇಡಿಯೋದಲ್ಲಿ ಇನ್ನೊಂದು ಆಧಾರ ಕೊಟ್ಟಿದ್ದರು. ಅದು ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಹದಿನೇಳನೆಯ ಅಧ್ಯಾಯದ ಒಂದು ವಾಕ್ಯ. ದೇವರು ಪ್ರತಿ ಜನಾಂಗಕ್ಕೂ ವಾಸದ ಎಲ್ಲೆಗಳನ್ನು ಗೊತ್ತುಮಾಡಿದ್ದಾನೆ ಎಂಬುದು ಅದರ ಸಾರ. ಸ್ವಾರಸ್ಯವೆಂದರೆ ಆ ವಾಕ್ಯ ಶುರುವಾಗುವುದೇ ಎಲ್ಲ ಜನಾಂಗಗಳನ್ನೂ ದೇವರು ಒಂದೇ ರಕ್ತದಿಂದ ಮಾಡಿದ ಎಂಬ ಮಾತಿನಿಂದ. ನಮ್ಮ ಬೀಗಿತಿಯ ಚರ್ಚಿನಲ್ಲಿ ಆ ಮೊದಲ ಅರ್ಧವನ್ನು ಓದುತ್ತಿದ್ದರು, ಊರಿನ ಆ ಕಡೆ ಎರಡನೆಯ ಅರ್ಧವನ್ನು. ಒಂದೇ ಪುಸ್ತಕ, ಒಂದೇ ವಾಕ್ಯ, ನಡುವೆ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ.

ವರ್ಜೀನಿಯಾದ ನ್ಯಾಯಾಧೀಶ ಲಿಯಾನ್ ಬೆಜೀಲ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದ. ಸರ್ವಶಕ್ತನಾದ ದೇವರು ಬಿಳಿ, ಕಪ್ಪು, ಹಳದಿ, ಮಲಯ, ಕೆಂಪು ಎಂದು ಜನಾಂಗಗಳನ್ನು ಸೃಷ್ಟಿಸಿ ಬೇರೆ ಬೇರೆ ಖಂಡಗಳಲ್ಲಿ ಇಟ್ಟ. ಬೇರೆ ಇಟ್ಟದ್ದೇ ಬೆರೆಯಬಾರದು ಎಂಬ ಇಚ್ಛೆಗೆ ಸಾಕ್ಷಿ ಎಂದು ಅವನು ತೀರ್ಪಿನಲ್ಲೇ ಬರೆದ. ಕಟಕಟೆಯಲ್ಲಿದ್ದವರು ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್. ಅವನು ಬಿಳಿಯ, ಇಟ್ಟಿಗೆ ಕಟ್ಟುವ ಮೇಸ್ತ್ರಿ. ಅವಳು ಕಪ್ಪು ಮತ್ತು ಮೂಲನಿವಾಸಿ ರಕ್ತದವಳು. ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದವರನ್ನು 1958ರ ಜುಲೈನಲ್ಲಿ ರಾತ್ರಿ ಮಲಗಿದ್ದಾಗ ಹಿಡಿದರು. ಒಂದು ವರ್ಷ ಜೈಲು. ಆದರೆ ಇಪ್ಪತ್ತೈದು ವರ್ಷ ಇಬ್ಬರೂ ಜೊತೆಯಾಗಿ ಈ ರಾಜ್ಯಕ್ಕೆ ಕಾಲಿಡದಿದ್ದರೆ ಜೈಲು ಮಾಫಿ.

ನನಗೆ ಈ ಶಿಕ್ಷೆಯೇ ವಿಚಿತ್ರವಾಗಿ ಕಾಣುತ್ತದೆ. ಗಂಡನನ್ನು ಹೆಂಡತಿಯಿಂದ ಬಿಡಿಸಲಿಲ್ಲ. ನೆಂಟರಿಂದ ಬಿಡಿಸಿದರು. ನೀವಿಬ್ಬರೂ ಎಲ್ಲಾದರೂ ಬದುಕಿಕೊಳ್ಳಿ, ಅತ್ತೆ ಮಾವ ಅಕ್ಕ ತಂಗಿಯರ ನಡುವೆ ಮಾತ್ರ ಜೋಡಿಯಾಗಿ ಬಂದು ಕೂರಬೇಡಿ ಎಂಬುದು ಅದರ ಅರ್ಥ. ರಿಚರ್ಡನ ತಾಯಿ ಸೂಲಗಿತ್ತಿ. ಮಿಲ್ಡ್ರೆಡ್ ಹೆರಿಗೆಗೆ ಅತ್ತೆಯ ಕೈಗೇ ಬರಬೇಕೆಂದು ಹಂಬಲಿಸಿದವಳು. ವಾಷಿಂಗ್ಟನ್ನಿನಲ್ಲಿ ಊರ ಬಯಲು ಕಾಣದೆ, ತನ್ನವರಿಲ್ಲದೆ ಬೇಸತ್ತು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಅವಳು ಬರೆದ ಕಾಗದದಿಂದಲೇ ಮೊಕದ್ದಮೆ ಮೇಲಕ್ಕೆ ಹೋಯಿತು. 1967ರ ಜೂನ್ 12ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅಂಥ ಕಾನೂನುಗಳನ್ನೆಲ್ಲ ಹೊಡೆದುಹಾಕಿದರು. ಆಗಿನ್ನೂ ಹದಿನಾರು ರಾಜ್ಯಗಳಲ್ಲಿ ಆ ಕಾನೂನು ಜಾರಿಯಲ್ಲಿತ್ತು.

ಆದರೂ ಸೌತ್ ಕ್ಯಾರೊಲಿನಾದ ಸಂವಿಧಾನದಲ್ಲಿ ಆ ನಿಷೇಧ ಸತ್ತ ಅಕ್ಷರವಾಗಿ ಇನ್ನೂ ಮೂರು ದಶಕ ಕೂತಿತ್ತು. 1998ರ ನವೆಂಬರಿನಲ್ಲಿ, ತೆಗೆಯೋಣವೇ ಎಂದು ಜನರನ್ನು ಕೇಳಿದರು. ಅಷ್ಟರಲ್ಲಿ ನಾನು ಇಲ್ಲಿಯ ಪೌರಳಾಗಿದ್ದೆ, ಹೋಗಿ ತೆಗೆಯಿರಿ ಎಂದು ಮತ ಹಾಕಿ ಬಂದೆ. ನೂರಕ್ಕೆ ಸುಮಾರು ಅರವತ್ತೆರಡು ಮಂದಿ ತೆಗೆಯಿರಿ ಎಂದರು, ಮೂವತ್ತೆಂಟು ಮಂದಿ ಇರಲಿ ಬಿಡಿ ಎಂದರು. ಇರಲಿ ಎಂದವರು ಕೆಟ್ಟವರೇನಲ್ಲ. ಅವರಲ್ಲಿ ಕೆಲವರು ನನ್ನ ಜತೆಗೇ ಸಾಲಿನಲ್ಲಿ ನಿಂತಿದ್ದಿರಬೇಕು. ಅವರಲ್ಲೊಬ್ಬರು ನಮ್ಮ ಮನೆಗೆ ಹೊಸ ವರ್ಷಕ್ಕೆ ಕೇಕು ತಂದುಕೊಡುವವರೂ ಆಗಿರಬಹುದು. ಅವರಿಗೆ ಅದು ದೇವರ ಮಾತು.

ಇಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತದೆ. ಬೆರೆಯಬೇಡಿ ಎಂದವರೆಲ್ಲ ದೇವರ ಹೆಸರು ಹೇಳಿದರು. ಬೆರೆತರೆ ತಪ್ಪೇನಿಲ್ಲ ಎನ್ನುವ ಜಾಹೀರಾತು ಯಾರ ಹೆಸರನ್ನೂ ಹೇಳುವುದಿಲ್ಲ. ಒಬ್ಬರು ಇದು ದೇವರಿಗೆ ಬಹಳ ಮುಖ್ಯವಾದ ವಿಷಯ ಎನ್ನುತ್ತಾರೆ. ಇನ್ನೊಬ್ಬರು ಇದು ಯಾರಿಗೂ ಏನೂ ಅಲ್ಲ ಎನ್ನುತ್ತಾರೆ. ಮೊದಲನೆಯದು ಕ್ರೂರ. ಎರಡನೆಯದು? ಅದು ಕ್ರೂರವಲ್ಲ, ಆದರೆ ನನಗೆ ಅದು ನಿಜವೂ ಅನ್ನಿಸುವುದಿಲ್ಲ. ನನ್ನ ಮಗನ ಮದುವೆ ನನಗೆ ಏನೂ ಅಲ್ಲವಾಗಿರಲಿಲ್ಲ. ನಮ್ಮ ಬೀಗಿತಿಗಂತೂ ಅಲ್ಲವೇ ಅಲ್ಲ.

ಅವರು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನವರು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಹೇಳಿಕೊಟ್ಟು ಹೇಳಿಕೊಟ್ಟು ಅವರಿಗೆ ಅದೆಲ್ಲ ಬಾಯಿಪಾಠ. ನನ್ನನ್ನು ಸಿಸ್ಟರ್ ಎಂದು ಕರೆಯುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಪೂಜೆ ಮುಗಿಸಿ ಬಂದ ನನ್ನ ಹಣೆ ನೋಡಿ, "ಸಿಸ್ಟರ್, ಇವತ್ತು ಬೂದಿ ಬುಧವಾರ ಅಲ್ಲವಲ್ಲ?" ಎಂದರು. ಅವರ ಚರ್ಚಿನಲ್ಲಿ ವರ್ಷಕ್ಕೊಂದು ದಿನ ಹಣೆಗೆ ಬೂದಿ ಇಡುತ್ತಾರೆ. ನಮ್ಮಲ್ಲಿ ದಿನಾ ಬುಧವಾರ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ನಂಟು ಕುದುರಿದ್ದು ಅಲ್ಲಿ.

ಮೋಶೆಯ ಹೆಂಡತಿಯ ಕಥೆ ಅವರೇ ಹೇಳಿದ್ದು. ಮೋಶೆ ಕೂಷ್ ದೇಶದ, ಅಂದರೆ ಈಜಿಪ್ಟಿನ ದಕ್ಷಿಣದ ಕಪ್ಪು ನಾಡಿನ ಹೆಣ್ಣನ್ನು ತಂದುಕೊಂಡ. ಅವನ ಅಕ್ಕ ಮಿರ್ಯಾಮಳಿಗೆ ಅದು ಸರಿಬರಲಿಲ್ಲ. ತಮ್ಮ ಆರೋನನ ಜತೆ ಸೇರಿ ಮಾತಾಡಿಕೊಂಡಳು. ದೇವರಿಗೆ ಸಿಟ್ಟು ಬಂತು. ಮಿರ್ಯಾಮಳಿಗೆ ತೊನ್ನು ಹತ್ತಿ ಮೈಯೆಲ್ಲ ಹಿಮದ ಹಾಗೆ ಬೆಳ್ಳಗಾಯಿತು. "ಬಿಳಿ ಬೇಕಿತ್ತಲ್ಲ, ತಗೋ ಅಂದ ದೇವರು," ಎಂದು ನಮ್ಮ ಬೀಗಿತಿ ತೊಡೆ ತಟ್ಟಿದರು. ಅರಣ್ಯಕಾಂಡ 12ನೇ ಅಧ್ಯಾಯ, ಬೇಕಾದವರು ತೆಗೆದು ನೋಡಬಹುದು. ಆದರೆ ಅವರು ಒತ್ತಿ ಹೇಳಿದ್ದು ಆಮೇಲಿನ ಸಂಗತಿಯನ್ನು. ಮಿರ್ಯಾಮಳನ್ನು ಏಳು ದಿನ ಪಾಳೆಯದ ಹೊರಗಿಟ್ಟರು. ಆ ಏಳು ದಿನ ಜನ ಮುಂದಕ್ಕೆ ಹೊರಡಲಿಲ್ಲ. ಅವಳು ಒಳಗೆ ಬಂದ ಮೇಲೆಯೇ ಡೇರೆ ಕಿತ್ತರು. ನಾದಿನಿ ತಪ್ಪು ಮಾಡಿದಳು, ಅವಳನ್ನು ಬಿಟ್ಟು ಹೋಗುವ ಹಾಗಿಲ್ಲ, ಕಾಯಬೇಕು. ನಮ್ಮ ಧಾರಾವಾಹಿಗಳ ಬರಹಗಾರರಿಗೆ ಈ ಕಥೆ ಸಿಕ್ಕಿದ್ದರೆ ಏಳುನೂರು ಕಂತು ಎಳೆಯುತ್ತಿದ್ದರು.

ತಮಾಷೆಗೆ ಹೇಳಿದೆ. ಆದರೆ ಕನ್ನಡ ಧಾರಾವಾಹಿಯನ್ನು ಬೈಯುವವರು ಒಂದು ವಿಷಯ ಒಪ್ಪಬೇಕು: ಮದುವೆ ಎಂದರೆ ಇಬ್ಬರ ವ್ಯವಹಾರವಲ್ಲ ಎಂಬುದು ಅದಕ್ಕೆ ಗೊತ್ತಿದೆ. ಅಲ್ಲಿ ಅತ್ತೆ, ಮಾವ, ಓರಗಿತ್ತಿ, ಬೀಗರು ಇವರೇ ತುಂಬಿ ಗಂಡ ಹೆಂಡತಿಗೆ ಮಾತಾಡಲು ಜಾಗವಿರುವುದಿಲ್ಲ. ಅಮೆರಿಕದ ಜಾಹೀರಾತಿನಲ್ಲಿ ಜಾಗವೋ ಜಾಗ.

ಟಿವಿಯ ಹಳೆಯ ಕಥೆಗಳಲ್ಲಿ ಹೀಗಿರಲಿಲ್ಲ. ಬಂದ ಹೊಸದರಲ್ಲಿ ನಾನು ಇಂಗ್ಲಿಷ್ ಕಿವಿಗೆ ಹತ್ತಿಸಿಕೊಂಡದ್ದು 'ದಿ ಜೆಫರ್ಸನ್ಸ್' ಎಂಬ ಹಾಸ್ಯ ಧಾರಾವಾಹಿಯ ಮರುಪ್ರಸಾರದಿಂದ. 1975ರಿಂದ ಹತ್ತು ವರ್ಷ ನಡೆದದ್ದು. ಜಾರ್ಜ್ ಜೆಫರ್ಸನ್ ಲಾಂಡ್ರಿ ಅಂಗಡಿಗಳಿಂದ ದುಡ್ಡು ಮಾಡಿದ ಕಪ್ಪು ಮನುಷ್ಯ, ಬಾಯಿಬಡುಕ. ಅದೇ ಕಟ್ಟಡದಲ್ಲಿ ಟಾಮ್ ಮತ್ತು ಹೆಲೆನ್ ವಿಲಿಸ್. ಗಂಡ ಬಿಳಿಯ, ಹೆಂಡತಿ ಕಪ್ಪು. ಜಾರ್ಜ್ ಅವರನ್ನು ಕಂಡಾಗಲೆಲ್ಲ ಕುಟುಕುತ್ತಾನೆ. ಮಗ ಲಯನಲ್ ಹೋಗಿ ಅವರ ಮಗಳನ್ನೇ ಮದುವೆಯಾಗುತ್ತಾನೆ! ಅಲ್ಲಿಗೆ ಅವರು ಬೀಗರು. ಇನ್ನು ಬೈದರೂ ಹಬ್ಬಕ್ಕೆ ಕರೆಯಬೇಕು, ಕರೆದರೂ ಬೈಯುವುದು ತಪ್ಪದು. ಹೆಲೆನ್ ಪಾತ್ರ ಮಾಡಿದ ರಾಕ್ಸಿ ರೋಕರ್ ನಿಜಜೀವನದಲ್ಲೂ ಬಿಳಿಯನನ್ನೇ ಮದುವೆಯಾದವರು. ಹಾಡುಗಾರ ಲೆನ್ನಿ ಕ್ರಾವಿಟ್ಜ್ ಅವರ ಮಗ. ಬಿಳಿಯ ಗಂಡನ ಜೊತೆ ನಟಿಸಲು ಮುಜುಗರವೇ ಎಂದು ನಿರ್ಮಾಪಕ ನಾರ್ಮನ್ ಲಿಯರ್ ಕೇಳಿದಾಗ ಆಕೆ ಚೀಲದಿಂದ ಗಂಡನ ಫೋಟೋ ತೆಗೆದು ತೋರಿಸಿದರಂತೆ.

'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್' ಸಿನಿಮಾವನ್ನು ಈಗಿನ ಹುಡುಗರು ಹಳೇ ಉಪದೇಶ ಎನ್ನುತ್ತಾರೆ, ನನ್ನ ಸೊಸೆಯೂ ಹಾಗೇ ಎನ್ನುತ್ತಾಳೆ. ಸಿಡ್ನಿ ಪೋಯ್ಟಿಯೇ ಆಡುವ ಡಾಕ್ಟರನಿಗೆ ಒಂದು ಕಳಂಕವೂ ಇಲ್ಲ, ದೇವದೂತನೇ ಬಂದು ಹೆಣ್ಣು ಕೇಳಿದ ಹಾಗಿದೆ ಎಂಬ ಟೀಕೆ ಸರಿಯೇ. ಆದರೂ ಆ ಸಿನಿಮಾ ಪೂರ್ತಿ ಇರುವುದು ಬೀಗರ ಭೇಟಿ. ಹುಡುಗನ ಅಪ್ಪ, ನಿವೃತ್ತ ಅಂಚೆಯವನು, ಅವನೂ ಒಪ್ಪುವುದಿಲ್ಲ. ತಾಯಂದಿರು ಮೊದಲು ಕರಗುತ್ತಾರೆ. ಹುಡುಗಿಯ ಅಪ್ಪನಾಗಿ ನಟಿಸಿದ ಸ್ಪೆನ್ಸರ್ ಟ್ರೇಸಿ ಚಿತ್ರೀಕರಣ ಮುಗಿಸಿ ತೀರಿಕೊಂಡದ್ದು 1967ರ ಜೂನ್ 10ರಂದು. ಲವಿಂಗ್ ತೀರ್ಪು ಬಂದದ್ದು ಎರಡು ದಿನದ ಮೇಲೆ. ಅಂದರೆ ಆ ಮಾತುಗಳನ್ನು ಕ್ಯಾಮೆರಾ ಮುಂದೆ ಆಡಿದಾಗ ದೇಶದ ಕಾಲುಭಾಗಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧ.

ಪ್ರಾಯೋಜಕರ ಹೆದರಿಕೆ ಆಗ ಹೇಗಿತ್ತೆಂದರೆ, 1968ರಲ್ಲಿ ಬ್ರಿಟಿಷ್ ಗಾಯಕಿ ಪೆಟುಲಾ ಕ್ಲಾರ್ಕ್ ತನ್ನ ಟಿವಿ ಕಾರ್ಯಕ್ರಮದಲ್ಲಿ ಹ್ಯಾರಿ ಬೆಲಫಾಂಟೆ ಜೊತೆ ಹಾಡುತ್ತ ಅವರ ಮುಂಗೈ ಮುಟ್ಟಿದಳು. ಮುಟ್ಟಿದ್ದಷ್ಟೇ. ದುಡ್ಡು ಹಾಕಿದ್ದ ಪ್ಲಿಮತ್ ಕಾರಿನ ಜಾಹೀರಾತು ಅಧಿಕಾರಿ ಬೇರೆ ಚಿತ್ರಣ ಬಳಸಿ ಎಂದು ಹಟ ಹಿಡಿದ. ಅವಳೂ ಅವಳ ಗಂಡನೂ ಉಳಿದ ಚಿತ್ರಣಗಳನ್ನೇ ಅಳಿಸಿಹಾಕಿಸಿದರು. ಮುಟ್ಟಿದ್ದು ಪ್ರಸಾರವಾಯಿತು. ಅಲ್ಲಿಂದ ಚೀರಿಯೋಸ್‌ಗೆ ಬರಲು ನಾಲ್ಕೂವರೆ ದಶಕ. ಗ್ಯಾಲಪ್ ಸಮೀಕ್ಷೆಯಲ್ಲಿ ಬಿಳಿ–ಕಪ್ಪು ಮದುವೆಯನ್ನು ಒಪ್ಪುವವರು 1958ರಲ್ಲಿ ಶೇಕಡ 4, 2021ರಲ್ಲಿ ಶೇಕಡ 94. ಹೆದರಿದ್ದ ಪ್ರಾಯೋಜಕನೇ ಇವತ್ತು ಎಲ್ಲರಿಗಿಂತ ಮುಂದೆ ನಿಂತು ಕೈಬೀಸುತ್ತಾನೆ. ಅವನು ಬದಲಾದದ್ದು ಒಳ್ಳೆಯದೇ. ಬದಲಾಗಲು ಅವನು ಏನನ್ನೂ ಕಳೆದುಕೊಳ್ಳಲಿಲ್ಲ ಎಂಬುದನ್ನೂ ನಾನು ನೋಡುತ್ತೇನೆ.

ಕಳೆದುಕೊಂಡವರ ಕಥೆ ನಮ್ಮ ಮನೆಯದೇ. ಲಿಂಗಾಯತರ ಮನೆಯಲ್ಲಿ ಹುಟ್ಟಿದವರಿಗೆ ಹರಳಯ್ಯನ ಕಥೆ ಹಾಲಿನ ಜತೆ ಬರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸ ಮಗಳನ್ನು ಕೊಟ್ಟ. ಬಿಜ್ಜಳನ ಅರಮನೆಗೆ ದೂರು ಹೋಯಿತು: ವರ್ಣಸಂಕರವಾಯಿತು, ಧರ್ಮ ಕೆಟ್ಟಿತು. ಬೆಜೀಲ್ ಬರೆದದ್ದಕ್ಕೂ ಇದಕ್ಕೂ ಎಂಟುನೂರು ವರ್ಷದ ಅಂತರ, ವಾದ ಒಂದೇ: ಬೇರೆ ಇಟ್ಟವನು ದೇವರು. ಹರಳಯ್ಯ ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಲಂಕೇಶರ 'ಸಂಕ್ರಾಂತಿ', ಕಾರ್ನಾಡರ 'ತಲೆದಂಡ' ಎರಡೂ ಆ ಕಲ್ಯಾಣದ ಸುತ್ತ ಹುಟ್ಟಿದ ನಾಟಕಗಳು.

ಕಥೆ ಕೇಳಿ ಕೇಳಿ ನಾವು ಗಮನಿಸದೆ ಬಿಟ್ಟ ಒಂದು ವಿಷಯವಿದೆ. ಆನೆಯ ಕಾಲಿಗೆ ಕಟ್ಟಿದ್ದು ಯಾರನ್ನು? ಬೀಗರನ್ನು. ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ಕರೆದುಕೊಂಡು ಓಡಿಹೋಗಿದ್ದರೆ ಬಿಜ್ಜಳ ತಲೆಕೆಡಿಸಿಕೊಳ್ಳುತ್ತಿದ್ದನೋ ಇಲ್ಲವೋ. ಪ್ರೀತಿಸಿ ಊರು ಬಿಟ್ಟವರು ಎಲ್ಲ ಕಾಲದಲ್ಲೂ ಇದ್ದರು. ಇಬ್ಬರು ತಂದೆಯರು ಎಲ್ಲರೆದುರು ಎದುರುಬದುರು ಕೂತು, ಕೊಟ್ಟೆ, ತಂದುಕೊಂಡೆ ಎಂದದ್ದು ರಾಜ್ಯಕ್ಕೆ ತಡೆಯಲಾಗದೆ ಹೋಯಿತು. ಅದು ದೇವರ ಎದುರಿಗೆ ಮಾಡಿದ ಮಾತು. ಅದಕ್ಕೆ ಬೆಲೆಯೂ ಹಾಗೇ ತೆತ್ತರು.

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ನನ್ನ ಅಣ್ಣ ದಾವಣಗೆರೆಯಲ್ಲಿದ್ದಾನೆ. ಮಗನ ಮದುವೆ ಗೊತ್ತಾಯಿತು ಎಂದು ಫೋನಿನಲ್ಲಿ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ: "ಯಾವ ಪೈಕಿ?" ಅಭ್ಯಾಸಬಲ. ಒಳಪಂಗಡ ಕೇಳಿದ್ದು ಅವನು. ಅಮೆರಿಕದ ಕಪ್ಪು ಹುಡುಗಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಬಿಳೇರು ಯಾರೂ ಸಿಗಲಿಲ್ಲೇನು?" ಎಂದ. ಬೆರೆಯುವುದಕ್ಕೂ ನಮ್ಮಲ್ಲೊಂದು ಶ್ರೇಣಿ ಇದೆ. ಬಿಳಿ ಸೊಸೆ ಬಂದರೆ ಜಾತಿ ಕೆಟ್ಟರೂ ಬಣ್ಣ ಬಂತು ಎಂಬ ಸಮಾಧಾನ.

ಟಿವಿಗೂ ಆ ಶ್ರೇಣಿ ಗೊತ್ತು. ಅಮೆರಿಕದ ಧಾರಾವಾಹಿಗಳಲ್ಲಿ ಭಾರತೀಯ ಮೂಲದ ನಾಯಕ ನಾಯಕಿಯರು ಬಂದ ಮೇಲೆ ನೋಡಿ: 'ದಿ ಮಿಂಡಿ ಪ್ರಾಜೆಕ್ಟ್'ನ ಮಿಂಡಿಗೆ ಬಿಳಿಯ ಡ್ಯಾನಿ, 'ಬ್ರಿಡ್ಜರ್‌ಟನ್'ನ ಎರಡನೆಯ ಸರಣಿಯಲ್ಲಿ ಕೇಟ್ ಶರ್ಮಾಗೆ ಬಿಳಿಯ ಆಂಥನಿ. ಅದರಲ್ಲಿ ಒಂದು ಮದುವೆಗೆ ಮುಂಚೆ ಅರಿಶಿನದ ಶಾಸ್ತ್ರ ಬೇರೆ ಇದೆ, ಮದುಮಗಳಿಗೆ ಅಮ್ಮ ಅಕ್ಕ ಇಬ್ಬರೇ ಅರಿಶಿನ ಹಚ್ಚುತ್ತಾರೆ. ಇಬ್ಬರು ಸೇರಿದರೆ ಶಾಸ್ತ್ರವಾಗುತ್ತದೆಯೇ? ನಮ್ಮಲ್ಲಿ ಒರಳು ಪೂಜೆಗೇ ಐದು ಜನ ಮುತ್ತೈದೆಯರು ಬೇಕು. ಕಂದು ಬಣ್ಣದ ಹೆಣ್ಣು, ಕಪ್ಪು ಗಂಡು ಎಂಬ ಜೋಡಿಯನ್ನು ನೆಟ್ಟಗೆ ತೋರಿಸಿದ್ದು 1991ರ 'ಮಿಸಿಸಿಪ್ಪಿ ಮಸಾಲಾ', ಮೀರಾ ನಾಯರ್ ಸಿನಿಮಾ. ಉಗಾಂಡಾದಿಂದ ಹೊರದೂಡಿಸಿಕೊಂಡು ಬಂದು ಮಿಸಿಸಿಪ್ಪಿಯಲ್ಲಿ ಮೋಟೆಲಿನಲ್ಲಿ ನೆಲೆಸಿದ ಗುಜರಾತಿ ಮನೆಯ ಹುಡುಗಿ, ಜಮಖಾನೆ ತೊಳೆಯುವ ವ್ಯಾಪಾರದ ಡೆನ್ಜೆಲ್ ವಾಷಿಂಗ್ಟನ್. ಅಲ್ಲೂ ಕೊನೆಗೆ ಜೋಡಿ ಊರು ಬಿಟ್ಟು ಹೊರಡಬೇಕಾಗುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದೊಂದು ಹೇಳುತ್ತೇನೆ. ಇಲ್ಲಿನ ಒಂದು ಸಂಸ್ಥೆ ತನ್ನ ಪ್ರಚಾರದ ಕರಪತ್ರಕ್ಕೆ ನಿಜವಾದ ಊರಿನ ಕುಟುಂಬಗಳೇ ಬೇಕು ಎಂದಿತು. ಸೊಸೆಯ ಗೆಳತಿಯೊಬ್ಬಳು ಹೆಸರು ಕೊಟ್ಟಳು. ಮಗ, ಸೊಸೆ, ಮೊಮ್ಮಗಳು ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದರು. ಫೋಟೋದವನು ಮೂವರನ್ನೂ ನಿಲ್ಲಿಸಿ ನಾಲ್ಕು ಚಿತ್ರ ತೆಗೆದ. ಆಮೇಲೆ ಆ ಸಂಸ್ಥೆಯ ಹೆಣ್ಣುಮಗಳು ಬಂದು ಬಹಳ ವಿನಯದಿಂದ, ನೋಡುವವರಿಗೆ ಸ್ವಲ್ಪ ಗೊಂದಲ ಆಗುತ್ತದೆ ಎಂದಳು. ತಾಯಿ ಮಗು ಚೆನ್ನಾಗಿ ಕಾಣುತ್ತಾರೆ. 'ವೈವಿಧ್ಯ' ಒಂದೇ ನೋಟಕ್ಕೆ ತಿಳಿಯಬೇಕು. ನಿಮ್ಮ ಯಜಮಾನರು ಯಾವ ದೇಶದವರು ಎಂದು ಜನ ಯೋಚನೆಗೆ ಬೀಳುತ್ತಾರೆ. ಮಗ ಪಕ್ಕಕ್ಕೆ ಸರಿದ. ಹೊಂಬಣ್ಣದ ಕೂದಲಿನ ಮಾಡೆಲ್ ಒಬ್ಬ ಬಂದು ನನ್ನ ಮೊಮ್ಮಗಳನ್ನು ಭುಜದ ಮೇಲೆ ಕೂರಿಸಿಕೊಂಡ. ಕರಪತ್ರ ಅಂಚೆಯಲ್ಲಿ ಮನೆಮನೆಗೂ ಬಂತು. ಮಗ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾನೆ. ನಮ್ಮ ಬೀಗಿತಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಈ ಅಳಿಯ ಯಾವಾಗ ಬಂದ?" ಎಂದರು.

ಬೆರೆತ ಕುಟುಂಬವೆಂದರೆ ಹೀಗೇ ಇರಬೇಕು ಎಂಬ ಅಚ್ಚು ಬಂದುಬಿಟ್ಟಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಒಬ್ಬರು ಬಿಳಿಯರಿರಬೇಕು, ಮಗುವಿಗೆ ಗುಂಗುರು ಕೂದಲಿರಬೇಕು, ಯಾರಿಗೂ ಯಾವ ದೇವರೂ ಇರಬಾರದು.

ದೇವರಿದ್ದರೆ ಏನಾಗುತ್ತದೆಂದು ನಮಗೆ ಮೊಮ್ಮಗಳು ಹುಟ್ಟಿದಾಗ ಗೊತ್ತಾಯಿತು. ನಾನು ಊರಿನಿಂದ ಲಿಂಗ, ವಿಭೂತಿ ತರಿಸಿಟ್ಟಿದ್ದೆ. ನಮ್ಮ ಬೀಗಿತಿ ದೀಕ್ಷಾಸ್ನಾನಕ್ಕೆ ಪಾದ್ರಿಯ ಹತ್ತಿರ ದಿನ ಕೇಳಿದ್ದರು. ಒಂದು ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ವಾದಕ್ಕೆ ಬಿದ್ದೆವು. ಮಗ ಸೊಸೆ ಹೆದರಿ ಹೊರಗೆ ಹೋದರು. ಅವರು ಕೇಳಿದರು: "ಸಿಸ್ಟರ್, ಬಣ್ಣದ ಮಾತು ಬಿಡಿ, ಅದು ನನಗೆ ದೊಡ್ಡದಲ್ಲ. ಈ ಮಗುವಿಗೆ ನಡುರಾತ್ರಿ ಕಷ್ಟ ಬಂದರೆ ಯಾರನ್ನು ಕರೆಯಬೇಕು?" ನಾನು ಹೇಳಿದೆ, ಅಂಗೈಯಲ್ಲೇ ಇರುವವನನ್ನು ಕರೆಯಲಿ. ಅವರು ತಲೆಯಾಡಿಸಿದರು, ಒಪ್ಪಿ ಅಲ್ಲ. ಇಬ್ಬರನ್ನು ಕರೆದರೆ ಯಾರೂ ಬರುವುದಿಲ್ಲ ಎಂಬುದು ಅವರ ಭಯ. ಕರೆದ ಹೆಸರಿನಿಂದ ಬರುವವನು ಬೇರೆಯಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಇದು ಸಣ್ಣ ಭಿನ್ನಾಭಿಪ್ರಾಯವಲ್ಲ. ಇದಕ್ಕಾಗಿ ಜಗತ್ತಿನಲ್ಲಿ ಯುದ್ಧಗಳಾಗಿವೆ.

ಅವರು ಲಿಂಗಧಾರಣೆಗೆ ಬಂದು ನೆಲದ ಮೇಲೆ ಕೂರಲಾರದೆ ಕುರ್ಚಿ ಹಾಕಿಸಿಕೊಂಡು ಕೊನೆಯವರೆಗೂ ಕೂತರು. ನಾನು ಚರ್ಚಿನ ಮೊದಲ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕೂತೆ. ಪಾದ್ರಿ ಮಗುವಿನ ನೆತ್ತಿಗೆ ನೀರು ಹಾಕಿದಾಗ ಅದು ಕಿರುಚಿದ ರೀತಿಯನ್ನು ಅವರು ಇವತ್ತಿಗೂ ಹೇಳಿ ನಗುತ್ತಾರೆ. ಪ್ರಶ್ನೆ ಹಾಗೇ ಇದೆ. ಪ್ರತಿ ಕ್ರಿಸ್‌ಮಸ್ಸಿಗೆ, ಪ್ರತಿ ಶಿವರಾತ್ರಿಗೆ ಅದು ಮತ್ತೆ ಏಳುತ್ತದೆ, ನಾವು ಮತ್ತೆ ಕೂರುತ್ತೇವೆ. ಒಪ್ಪಿಗೆ ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ನನಗೇನೂ ಅನ್ನಿಸುವುದಿಲ್ಲ ಎನ್ನುವವನ ಒಪ್ಪಿಗೆಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಅನ್ನಿಸುತ್ತದೆ, ಆದರೂ ಬಂದೆ ಎನ್ನುವವಳ ಒಪ್ಪಿಗೆ ಬೇರೆ.

ಸೊಸೆಗೆ ನನ್ನ ಈ ವಾದ ಹಿಡಿಸುವುದಿಲ್ಲ. ಅವಳು ಹೇಳುವುದು ಹೀಗೆ: ಅತ್ತೆ, ಬಿಳಿಯರ ಕುಟುಂಬಗಳು ಎಪ್ಪತ್ತು ವರ್ಷ ಟಿವಿಯಲ್ಲಿ ಕೂತು ಸುಮ್ಮನೆ ಓಟ್ಸ್ ತಿಂದವು. ಅವರ ಅಜ್ಜಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾವು ಪರದೆಯ ಮೇಲೆ ಬಂದ ಕೂಡಲೇ ನೋವು, ಇತಿಹಾಸ, ಧರ್ಮ ಎಲ್ಲ ಹೊತ್ತು ತರಬೇಕಾ? ನಮ್ಮ ಮನೆಯಲ್ಲೂ ದಿನಾ ನಡೆಯುವುದು ಓಟ್ಸು, ಹೋಂವರ್ಕು, ಕಳೆದುಹೋದ ಕಾಲುಚೀಲ. ಹಗುರವಾಗಿರುವ ಹಕ್ಕು ನಮಗಿಲ್ಲವಾ? ಈ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಅವಳು ಹೇಳುವುದು ಜಾಹೀರಾತಿನ ನ್ಯಾಯ, ನಾನು ಹೇಳುತ್ತಿರುವುದು ಮದುವೆಯ ನ್ಯಾಯ ಎಂದು ಬೇಕಾದರೆ ಅನ್ನಬಹುದು.

ಒಮ್ಮೆ ಮಾತ್ರ ಜಾಹೀರಾತೊಂದು ಅತ್ತೆಯನ್ನು ಒಳಗೆ ಬಿಟ್ಟುಕೊಂಡಿತು, ಅದೂ ನಮ್ಮ ದೇಶದಲ್ಲಿ. 2020ರ ಅಕ್ಟೋಬರಿನ ತನಿಷ್ಕ್ ಜಾಹೀರಾತು. ಕಂಪನಿ ಟೈಟಾನ್, ಕಚೇರಿ ಬೆಂಗಳೂರು. ಮುಸ್ಲಿಂ ಮನೆಗೆ ಸೊಸೆಯಾಗಿ ಬಂದ ಹಿಂದೂ ಹುಡುಗಿ ತುಂಬು ಗರ್ಭಿಣಿ. ಅತ್ತೆ ಕೈಹಿಡಿದು ತೋಟಕ್ಕೆ ಕರೆದುಕೊಂಡು ಬಂದರೆ ಅಲ್ಲಿ ಸೀಮಂತದ ಸಿದ್ಧತೆ. ನಿಮ್ಮಲ್ಲಿ ಈ ಶಾಸ್ತ್ರ ಇಲ್ಲವಲ್ಲ ಎನ್ನುತ್ತಾಳೆ ಹುಡುಗಿ. ಮಗಳನ್ನು ಸಂತೋಷವಾಗಿಡುವ ಶಾಸ್ತ್ರ ಎಲ್ಲ ಮನೆಯಲ್ಲೂ ಇದೆಯಲ್ಲ ಎಂಬರ್ಥದ ಮಾತು ಅತ್ತೆಯದು. ಒಂದು ನಿಮಿಷವೂ ಇಲ್ಲದ ಚಿತ್ರ. ಬಂದ ಗದ್ದಲಕ್ಕೆ ಕೆಲವೇ ದಿನದಲ್ಲಿ ವಾಪಸು ತೆಗೆದರು. ನೌಕರರ, ಅಂಗಡಿಯ ಸಿಬ್ಬಂದಿಯ ಕ್ಷೇಮಕ್ಕಾಗಿ ಎಂದು ಕಾರಣ ಕೊಟ್ಟರು. ಅವರನ್ನು ನಾನು ಹಳಿಯುವುದಿಲ್ಲ, ಅಂಗಡಿಯಲ್ಲಿ ನಿಲ್ಲುವ ಹುಡುಗಿಯರಿಗೆ ಹರಳಯ್ಯನಾಗಿ ಎಂದು ಹೇಳಲಾಗುವುದಿಲ್ಲ. ಆದರೆ ನೋಡಿ, ನೋವಾದದ್ದು ಜೋಡಿಯಿಂದಲ್ಲ. ಆ ಚಿತ್ರದಲ್ಲಿ ಗಂಡ ಎಲ್ಲಿದ್ದಾನೆಂದೇ ಯಾರಿಗೂ ನೆನಪಿಲ್ಲ. ಅತ್ತೆ ಶಾಸ್ತ್ರ ಮಾಡಿದ್ದು ಜನರಿಗೆ ತಡೆಯಲಾಗಲಿಲ್ಲ. ಬಿಜ್ಜಳನಿಗೆ ತಡೆಯಲಾಗದ್ದೂ ಅದೇ.

ಕನ್ನಡ ಪತ್ರಿಕೆಗಳಲ್ಲಿ ಭಾನುವಾರ ಬರುವ ವಧು-ವರರ ಪುಟವೂ ಜಾಹೀರಾತೇ, ಕುಟುಂಬವನ್ನು ತೋರಿಸುವ ನಮ್ಮ ಹಳೆಯ ಜಾಹೀರಾತು. ಅಲ್ಲಿ ಇವತ್ತಿಗೂ ಜಾತಿಗೊಂದು ಅಂಕಣ. ನಮ್ಮವರ ಅಂಕಣದೊಳಗೆ ಪಂಗಡ, ಒಳಪಂಗಡ, ಬೆಳ್ಳಗಿರುವ ವಧು. ಆ ಅಂಕಣಗಳಿಗೆ ಹೆಸರು ಕೊಡುವವರ ಮಕ್ಕಳೇ ಬೆಂಗಳೂರಿನಲ್ಲಿ, ಟೊರಾಂಟೊದಲ್ಲಿ, ಅಟ್ಲಾಂಟಾದಲ್ಲಿ ತಮಗೆ ಬೇಕಾದವರನ್ನು ಹುಡುಕಿಕೊಳ್ಳುತ್ತಿದ್ದಾರೆ. ನಾಳೆ ನಿಮ್ಮ ಮನೆಯಲ್ಲೂ ಫೋನು ಬರಬಹುದು. ಬಂದರೆ ನಿಮ್ಮಲ್ಲಿ ನಾನು ಕೇಳಿಕೊಳ್ಳುವುದಿಷ್ಟು: ನಮಗೇನೂ ಅಭ್ಯಂತರವಿಲ್ಲ, ನಿಮ್ಮ ಖುಷಿ ಎಂದು ಕೈತೊಳೆದುಕೊಳ್ಳಬೇಡಿ. ಅಭ್ಯಂತರವಿದ್ದರೆ ಇದೆ ಎನ್ನಿ. ಎಂದು, ಬೀಗರ ಫೋನ್ ನಂಬರು ಕೇಳಿ ಬರೆದುಕೊಳ್ಳಿ, ನೀವೇ ಮೊದಲು ಫೋನ್ ಮಾಡಿ. ಭಾಷೆ ಬರದಿದ್ದರೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಬೀಗಿತಿಯ ನಂಬರನ್ನು ನನ್ನ ಅಣ್ಣನಿಗೆ ಕೊಟ್ಟಿದ್ದೇನೆ. ಅವನಿನ್ನೂ ಮಾಡಿಲ್ಲ.